ಊಟವಾದ ಮೇಲೆ ಬಾಯಿಗೆ ಏನು ಹಾಕುತ್ತೀರಿ?

ಹಲ್ಲಿನ ಆಸ್ಪತ್ರೆಗೆ ಬಂದವರ ಕೇಸ್ ಶೀಟ್ ತುಂಬುವಾಗ, ನೋವು ಎಂದಿನಿಂದ, ಯಾವ ಬದಿಯಲ್ಲಿ, ಸಕ್ಕರೆ ಕಾಯಿಲೆ ಇದೆಯೇ, ಬಿ.ಪಿ. ಮಾತ್ರೆ ತೆಗೆದುಕೊಳ್ಳುತ್ತೀರಾ ಎಂಬುದೆಲ್ಲ ಮುಗಿದ ಮೇಲೆ ‘ಅಭ್ಯಾಸಗಳು’ ಎಂಬ ಒಂದು ಸಾಲು ಬರುತ್ತದೆ. ಬಿ.ಡಿ.ಎಸ್.ನ ನಾಲ್ಕು ವರ್ಷಗಳನ್ನು ಮುಗಿಸಿ, ಒಂದು ವರ್ಷದ ಇಂಟರ್ನ್‌ಶಿಪ್‌ನ ಕೊನೆಯ ತಿಂಗಳುಗಳಲ್ಲಿರುವ ನಾನು ಆ ಸಾಲನ್ನು ಸರಿಯಾಗಿ ಕೇಳಲು ಕಲಿತದ್ದು ಈಚೆಗೆ, ಅದೂ ಒಬ್ಬ ರೋಗಿಯ ಮುಂದೆ ತಪ್ಪು ಮಾಡಿ.

ಅವರು ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಕಡೆಯವರು, ವಯಸ್ಸು ನಲವತ್ತರ ಆಸುಪಾಸು. ಬೆಳಗಿನ ಬಸ್ಸು ಹಿಡಿದು, ಗಡಿ ದಾಟಿ, ಮಂಗಳೂರಿನಲ್ಲಿ ನಾನು ಓದುತ್ತಿರುವ ಕಾಲೇಜಿನ ಆಸ್ಪತ್ರೆಗೆ ಬಂದಿದ್ದರು. ಸಾರಿಗೆ ಮೆಣಸು ಸ್ವಲ್ಪ ಹೆಚ್ಚಾದರೂ ಬಾಯಿ ಉರಿಯುತ್ತದೆ, ಊಟದ ತುತ್ತನ್ನು ಮೊದಲಿಗಿಂತ ಸಣ್ಣದು ಮಾಡಿಕೊಳ್ಳಬೇಕಾಗಿದೆ ಎಂದರು. ನಾನು ಶೀಟಿನ ಕ್ರಮದಲ್ಲೇ ಮುಂದುವರಿದು, “ಏನಾದರೂ ಅಭ್ಯಾಸಗಳಿವೆಯೇ?” ಎಂದು ಕೇಳಿದೆ. ಅವರಿಗೆ ಬೇಸರವಾದದ್ದು ಮುಖದಲ್ಲೇ ತಿಳಿಯಿತು. “ಅಂಥದ್ದು ಯಾವುದೂ ಇಲ್ಲ ಡಾಕ್ಟ್ರೇ. ಕುಡಿಯುವುದಿಲ್ಲ, ಬೀಡಿ ಸೇದುವುದಿಲ್ಲ” ಎಂದರು. ನಾನು ‘ಇಲ್ಲ’ ಎಂದು ಬರೆದು, ಬಾಯಿ ತೆರೆಯಲು ಹೇಳಿದೆ.

ಬಾಯಿ ತೆರೆಯಲಿಲ್ಲ. ಸಾಮಾನ್ಯವಾಗಿ ದೊಡ್ಡವರ ಬಾಯಿಯೊಳಗೆ ಅವರದೇ ಮೂರು ಬೆರಳುಗಳು ಒಂದರ ಮೇಲೊಂದು ನಿಲ್ಲುತ್ತವೆ. ಇವರಿಗೆ ಎರಡನೆಯ ಬೆರಳೇ ಸಿಕ್ಕಿಕೊಂಡಿತು. ಮೇಲಿನ ಮತ್ತು ಕೆಳಗಿನ ಬಾಚಿಹಲ್ಲುಗಳ ತುದಿಗಳ ನಡುವೆ ಸ್ಕೇಲ್ ಹಿಡಿದರೆ 21 ಮಿಲಿಮೀಟರ್. ಕೆನ್ನೆಯ ಒಳಭಾಗ ಕೆಂಪಗಿರುವ ಬದಲು ಅಮೃತಶಿಲೆಯ ಹಾಗೆ ಬಿಳಿಚಿಕೊಂಡಿತ್ತು. ಕೈಗವಸು ಹಾಕಿದ ಬೆರಳನ್ನು ಅಲ್ಲಿ ಆಡಿಸಿದಾಗ, ಚರ್ಮದ ಅಡಿಯಲ್ಲಿ ಮೇಲಿನಿಂದ ಕೆಳಕ್ಕೆ ಬಿಗಿದು ಕಟ್ಟಿದ ಹುರಿಹಗ್ಗದಂಥ ಎಳೆಗಳು ತಗುಲಿದವು. ಅಷ್ಟರಲ್ಲಿ ನಮ್ಮ ಮೇಡಂ ಬಂದು, ಶೀಟನ್ನು ಒಮ್ಮೆ ನೋಡಿ, ಅವರ ಪಕ್ಕದ ಸ್ಟೂಲಿನಲ್ಲಿ ಕುಳಿತು, ತುಳುವಿನಲ್ಲಿ, ಊಟವಾದ ಮೇಲೆ ಬಾಯಿಗೆ ಏನು ಹಾಕುತ್ತೀರಿ ಎಂದು ಕೇಳಿದರು. ಅವರ ಮುಖ ಅರಳಿತು. ಅಡಿಕೆ ಸುಲಿಯುವ ಕೆಲಸ, ಹದಿನೈದನೆಯ ವಯಸ್ಸಿನಿಂದ. ಸುಲಿಯುತ್ತ ಸುಲಿಯುತ್ತ ಒಂದು ಹೋಳು ಕೆನ್ನೆಗೆ ಇಟ್ಟುಕೊಳ್ಳುವುದು, ದಿನಕ್ಕೆ ಹತ್ತೋ ಹನ್ನೆರಡೋ, ಲೆಕ್ಕ ಇಟ್ಟವರು ಯಾರು ಎಂದರು. ಹೊಗೆಸೊಪ್ಪು ಮುಟ್ಟುವುದಿಲ್ಲ ಎಂಬುದನ್ನು ಅಭಿಮಾನದಿಂದಲೇ ಹೇಳಿದರು.

ಅವರು ನನಗೆ ಸುಳ್ಳು ಹೇಳಿರಲಿಲ್ಲ. ನಮ್ಮ ಊರಿನ ಮಾತಿನಲ್ಲಿ ‘ಅಭ್ಯಾಸ’ ಎಂದು ವೈದ್ಯರು ಕೇಳಿದರೆ ಅದು ಕೆಟ್ಟ ಅಭ್ಯಾಸವೇ. ಎಲೆಯಡಿಕೆ ಆ ಸಾಲಿನಲ್ಲಿ ಬರುವುದಿಲ್ಲ. ಈ ಸಂಗತಿ ತರಗತಿಯಲ್ಲಿ ಬೇರೆ ಯಾರಿಗೆ ಹೊಳೆಯದಿದ್ದರೂ ನನಗೆ ಹೊಳೆಯಬೇಕಿತ್ತು, ಏಕೆಂದರೆ ನಾನು ಬೆಳೆದದ್ದು ಬದಿಯಡ್ಕದಿಂದ ಒಳಗಿನ ಒಂದು ಅಡಿಕೆ ತೋಟದ ಮನೆಯಲ್ಲಿ. ನಮ್ಮ ಜಗಲಿಗೆ ಬಂದವರಿಗೆ ನೀರು, ಬೆಲ್ಲದ ನಂತರ ಮುಂದೆ ಸರಿಯುವುದು ಎಲೆ, ಅಡಿಕೆ, ಸುಣ್ಣ ಇಟ್ಟ ಹರಿವಾಣ. ಮದುವೆಯ ನಿಶ್ಚಯಕ್ಕೆ ತಾಂಬೂಲ, ಪುರೋಹಿತರಿಗೆ ತಾಂಬೂಲ, ಭೂತಕ್ಕೂ ತಾಂಬೂಲ. ಇಂಥ ವಸ್ತುವನ್ನು ಬೀಡಿ, ಸಾರಾಯಿಗಳ ಜೊತೆ ಒಂದೇ ಪಟ್ಟಿಯಲ್ಲಿ ಇಟ್ಟು ಕೇಳಿದರೆ, ಕೇಳಿಸಿಕೊಂಡವರಿಗೆ ನಮ್ಮ ಪ್ರಶ್ನೆಯೇ ಅರ್ಥವಾಗುವುದಿಲ್ಲ.

ನಾನು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಕೇರಳ ಸರಕಾರದ ಪಠ್ಯಕ್ರಮ, ಕನ್ನಡದಲ್ಲಿ ಅಚ್ಚಾದ ಪುಸ್ತಕಗಳು. ಗಡಿಯಾಚೆಯವರಿಗೆ ಇದನ್ನು ವಿವರಿಸಲು ಪ್ರತಿ ಸಲವೂ ಐದು ನಿಮಿಷ ಬೇಕಾಗುತ್ತದೆ. ಗಡಿನಾಡ ಕನ್ನಡಿಗರಿಗೆ ಕರ್ನಾಟಕದಲ್ಲಿರುವ ಅವಕಾಶದಿಂದ ಮಂಗಳೂರಿನಲ್ಲಿ ಸೀಟು ಸಿಕ್ಕಿತು. ಮೊದಲ ವರ್ಷ ಮೇಣದ ಕಡ್ಡಿಯಿಂದ ಹಲ್ಲು ಕೆತ್ತುವುದನ್ನು ಕಲಿಸುತ್ತಾರೆ. ಕೆಳದವಡೆಯ ಮೊದಲನೆಯ ಅರೆಯುವ ಹಲ್ಲನ್ನು, ಅಂದರೆ ಮಗುವಿಗೆ ಆರು ವರ್ಷವಾಗುವ ಹೊತ್ತಿಗೆ ಹಾಲುಹಲ್ಲುಗಳ ಹಿಂದೆ ಸದ್ದಿಲ್ಲದೆ ಮೂಡುವ, ಹೆತ್ತವರು ಹಾಲುಹಲ್ಲೆಂದೇ ತಿಳಿದು ಹುಳುಕಾಗಲು ಬಿಡುವ ಆ ಹಲ್ಲನ್ನು, ನಾನು ಎಷ್ಟು ಬಾರಿ ಕೆತ್ತಿ ಒಪ್ಪಿಸಿದೆನೋ ನೆನಪಿಲ್ಲ. ಅದರ ಐದು ಮೊನೆಗಳು, ಎರಡು ಬೇರುಗಳು, ಮೊನೆಗಳ ನಡುವಿನ ತಗ್ಗುಗಳು ಕೈಗೆ ಬಂದವು. ಎರಡನೆಯ ವರ್ಷದಲ್ಲಿ ರಬ್ಬರ್ ಕೆನ್ನೆಯ ಬೊಂಬೆತಲೆ, ಕೃತಕ ಹಲ್ಲು. ಮೇಣವಾಗಲಿ ಬೊಂಬೆಯಾಗಲಿ ಮಾತನಾಡುವುದಿಲ್ಲ, ಆದ್ದರಿಂದ ಆ ಎರಡು ವರ್ಷ ಭಾಷೆಯ ಯೋಚನೆಯೇ ಬರಲಿಲ್ಲ.

ಮೂರನೆಯ ವರ್ಷ ಕ್ಲಿನಿಕ್ ಸೇರಿದ ಮೇಲೆ ಎಲ್ಲವೂ ಮಾತಿನ ಮೇಲೆ ನಿಂತಿತು. ಕೆಳದವಡೆಯ ಹಲ್ಲು ತೆಗೆಯುವ ಮೊದಲು ದವಡೆಯ ಹಿಂಭಾಗದಲ್ಲಿ, ನರವು ಮೂಳೆಯೊಳಗೆ ಇಳಿಯುವ ಜಾಗದ ಸಮೀಪ, ಎರಡು ಶೇಕಡಾ ಲಿಗ್ನೊಕೇಯ್ನ್ ಚುಚ್ಚುಮದ್ದು ಕೊಡುತ್ತೇವೆ. ಮದ್ದು ಹಿಡಿದಿದೆಯೇ ಎಂದು ತಿಳಿಯಲು ನಮಗಿರುವ ಮೊದಲ ದಾರಿ ರೋಗಿಯ ಮಾತು. ಪಠ್ಯದಲ್ಲಿರುವ ಪದಕ್ಕೆ ಸರಿಯಾಗಿ “ತುಟಿ ಮರಗಟ್ಟಿದೆಯೇ?” ಎಂದು ನಾನು ಕೇಳುತ್ತಿದ್ದೆ, ಅರ್ಧದಷ್ಟು ಜನ ಏನು ಹೇಳಬೇಕೆಂದು ತಿಳಿಯದೆ ತಲೆಯಾಡಿಸುತ್ತಿದ್ದರು. ಹಾಗೆ ತಲೆಯಾಡಿಸಿದ ಒಬ್ಬ ಅಜ್ಜಿ, ನಾನು ಇಕ್ಕಳ ಹಿಡಿದ ತಕ್ಷಣ ನನ್ನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡರು. ಕೂಗಲಿಲ್ಲ, ಕಣ್ಣಿನಲ್ಲಿ ನೀರು ಬಂತು, ಅಷ್ಟೆ. ಅಂದಿನಿಂದ ನಾನು “ತುಟಿ ದಪ್ಪವಾದ ಹಾಗೆ, ಬಾತ ಹಾಗೆ ಆಗುತ್ತಿದೆಯೋ? ಈ ಬದಿಗೂ ಆ ಬದಿಗೂ ವ್ಯತ್ಯಾಸ ಗೊತ್ತಾಗುತ್ತದೋ?” ಎಂದು ಕೇಳುತ್ತೇನೆ. ಒತ್ತಿದ ಹಾಗೆ ಆಗುವುದು ಬೇರೆ, ನೋಯುವುದು ಬೇರೆ ಎಂಬುದನ್ನು ಮೊದಲೇ ಹೇಳಿ, ಅವರ ಕೈಯ ಮೇಲೆ ಬೆರಳಿನಿಂದ ಒತ್ತಿ ತೋರಿಸುತ್ತೇನೆ. ಮಲಯಾಳಂ ಮಾತನಾಡುವವರು ‘ಪುಳಿಪ್ಪು’ ಎಂದರೆ ತಣ್ಣೀರು ತಗುಲಿದಾಗ ಹಲ್ಲು ಜುಮ್ಮೆನ್ನುವುದು; ತುಳುವರ ‘ಕೂಳಿ’ ಎಂದರೆ ಹಲ್ಲು, ಹವ್ಯಕರ ‘ಬೇನೆ ಆವುತ್ತು’ ಎಂದರೆ ನೋವಾಗುತ್ತದೆ; ಎಲ್ಲವೂ ಒಂದೇ ಬೆಳಗಿನಲ್ಲಿ ಒಂದೇ ಕುರ್ಚಿಗೆ ಬರುತ್ತವೆ. ಸಪ್ತಭಾಷಾ ಸಂಗಮ ಭೂಮಿ ಎಂದು ಕಾಸರಗೋಡಿನ ವೇದಿಕೆಗಳಲ್ಲಿ ಹೇಳುವ ಮಾತಿನ ನಿಜವಾದ ತೂಕ ನನಗೆ ತಿಳಿದದ್ದು ಆ ಕುರ್ಚಿಯ ಪಕ್ಕದಲ್ಲಿ.

ಕನ್ನಡದಲ್ಲೇ ಬರೆದರೂ ಕನ್ನಡಿಗರಿಗೆ ತಲುಪದಿರಬಹುದು ಎಂಬುದನ್ನು ಕಲಿಸಿದ್ದು ಒಂದು ಸಣ್ಣ ಕಾಗದ. ಹಲ್ಲು ತೆಗೆದ ಮೇಲೆ ಪಾಲಿಸಬೇಕಾದ ಸೂಚನೆಗಳ ಹಾಳೆಯನ್ನು ಕನ್ನಡದಲ್ಲಿ ತಯಾರಿಸುವ ಕೆಲಸವನ್ನು ನಾನೇ ಕೇಳಿ ಪಡೆದಿದ್ದೆ. ಹತ್ತಿಯನ್ನು ಮುಕ್ಕಾಲು ಗಂಟೆ ಕಚ್ಚಿ ಹಿಡಿಯಬೇಕು, ಉಗುಳಬಾರದು, ಬಾಯಿ ಮುಕ್ಕಳಿಸಬಾರದು, ಆ ದಿನ ತಂಪು ಆಹಾರವನ್ನೇ ಸೇವಿಸಬೇಕು, ಮರುದಿನದಿಂದ ಉಗುರುಬೆಚ್ಚಗಿನ ಉಪ್ಪುನೀರಿನಲ್ಲಿ ಬಾಯಿ ತೊಳೆಯಬೇಕು ಎಂದು ಅಂದವಾಗಿ ಬರೆದುಕೊಟ್ಟೆ. ಎರಡು ದಿನಗಳ ನಂತರ, ಕುಂಬಳೆಯ ಕಡೆಯ ಒಬ್ಬ ಅಮ್ಮ ರಕ್ತ ನಿಲ್ಲುತ್ತಿಲ್ಲವೆಂದು ಮಗನ ಜೊತೆ ಮರಳಿ ಬಂದರು. ಏನು ತಿಂದಿರಿ ಎಂದು ಕೇಳಿದರೆ, “ನೀವು ಬರೆದುಕೊಟ್ಟ ಹಾಗೆಯೇ ಮಗಳೇ, ತಂಪಿಗೆಂದು ಮೆಂತೆ ಹಾಕಿದ ಗಂಜಿ, ಬಿಸಿಬಿಸಿಯಾಗಿ” ಎಂದರು. ನಮ್ಮ ಮನೆಗಳಲ್ಲಿ ತಂಪು ಎಂದರೆ ದೇಹದ ಉಷ್ಣವನ್ನು ಇಳಿಸುವುದು; ಮೆಂತೆ ತಂಪು, ಮಜ್ಜಿಗೆ ತಂಪು, ಎಳನೀರು ತಂಪು. ಒಲೆಯಿಂದ ಈಗಷ್ಟೇ ಇಳಿಸಿದರೂ ಮೆಂತೆಗಂಜಿ ತಂಪೇ. ಐಸ್‌ಕ್ರೀಮ್ ಮಾತ್ರ ಶೀತ ಮಾಡುವಂಥದ್ದು, ಕಾಯಿಲೆಯವರು ಅದನ್ನು ಮುಟ್ಟಬಾರದು. ಆ ಅಮ್ಮ ನನ್ನ ಸೂಚನೆಯನ್ನು ಅಕ್ಷರಶಃ ಪಾಲಿಸಿದ್ದರು. ಬಿಸಿ ತಗುಲಿ ಗುಳಿಯಲ್ಲಿ ಹೆಪ್ಪುಗಟ್ಟಿದ್ದ ರಕ್ತ ಕರಗಿತ್ತು, ಮೇಲಿಂದ ಅವರು ಆಗಾಗ ಉಗುಳುತ್ತಲೂ ಇದ್ದರು. ಗುಳಿಯನ್ನು ಶುಚಿಗೊಳಿಸಿ, ಒಂದು ಹೊಲಿಗೆ ಹಾಕಿ, ಹತ್ತಿ ಕಚ್ಚಿಸಿ ಕೂರಿಸಿದೆವು.

ಆ ಸಂಜೆ ಹಾಳೆಯನ್ನು ತಿದ್ದಿದೆ. ‘ತಂಪು ಆಹಾರ’ ಇದ್ದಲ್ಲಿ ‘ಪೂರ್ತಿ ಆರಿದ ಗಂಜಿ, ಕೈ ಇಟ್ಟರೆ ಬಿಸಿ ತಾಗಬಾರದು’ ಎಂದು ಬರೆದೆ. ‘ಉಗುಳಬಾರದು’ ಎಂದಷ್ಟೇ ಹೇಳಿದರೆ ಸಾಲದು. ಎಲೆಯಡಿಕೆ ಹಾಕುವವರಿಗೆ ಬಾಯಲ್ಲಿ ನೀರು ತುಂಬಿದರೆ ಉಗುಳುವುದು ಉಸಿರಾಟದಷ್ಟು ಸಹಜ. ಆದ್ದರಿಂದ ‘ಬಾಯಲ್ಲಿ ಬಂದ ಉಗುಳನ್ನು ನುಂಗಿ, ಅದರಲ್ಲಿ ಸ್ವಲ್ಪ ರಕ್ತ ಇದ್ದರೂ ಹೆದರಬೇಡಿ’ ಎಂದು ಸೇರಿಸಿದೆ. ಮೇಲಿನ ಹಲ್ಲು ತೆಗೆದರೆ ಕಣ್ಣಿನ ದೃಷ್ಟಿ ಹೋಗುತ್ತದೆ ಎಂಬ ಭಯ ನಮ್ಮಲ್ಲಿ ಇನ್ನೂ ಇದೆ. ಹಲ್ಲಿನ ನರವೂ ನೋಟದ ನರವೂ ಬೇರೆ ಬೇರೆ, ಒಂದನ್ನು ಮುಟ್ಟಿದರೆ ಇನ್ನೊಂದಕ್ಕೆ ಏನೂ ಆಗುವುದಿಲ್ಲ ಎಂಬ ಸಾಲನ್ನೂ ಹಾಕಿದೆ. ಈಗ ಆ ಹಾಳೆ ನಾಲ್ಕನೆಯ ತಿದ್ದುಪಡಿಯಲ್ಲಿದೆ. ನಾನು ಈ ಐದು ವರ್ಷಗಳಲ್ಲಿ ಮಾಡಿದ ಕೆಲಸಗಳಲ್ಲಿ ಅತ್ಯಂತ ಉಪಯುಕ್ತವಾದದ್ದು ಅದೇ ಇರಬಹುದು.

ಅಡಿಕೆಯ ವಿಷಯಕ್ಕೆ ಮರಳಬೇಕು, ಏಕೆಂದರೆ ಅದನ್ನು ಬದಿಗಿಟ್ಟು ನಾನು ಈ ಊರಿನಲ್ಲಿ ದಂತವೈದ್ಯೆಯಾಗಲು ಸಾಧ್ಯವಿಲ್ಲ. ಪೆರ್ಲದ ಆ ಅಣ್ಣನಿಗೆ ಇದ್ದ ಕಾಯಿಲೆಯ ಹೆಸರು ಓರಲ್ ಸಬ್‌ಮ್ಯೂಕಸ್ ಫೈಬ್ರೋಸಿಸ್. 1952ರಲ್ಲಿ ಶ್ವಾರ್ಟ್ಸ್ ಎಂಬವರು ಪೂರ್ವ ಆಫ್ರಿಕದಲ್ಲಿ ನೆಲೆಸಿದ್ದ ಭಾರತೀಯ ಮೂಲದ ಹೆಂಗಸರಲ್ಲಿ ಇದನ್ನು ಗುರುತಿಸಿ ವಿವರಿಸಿದರು. ಮರುವರ್ಷವೇ ಮುಂಬಯಿಯ ಜೋಶಿ ಎಂಬ ವೈದ್ಯರು ಇಲ್ಲಿನ ರೋಗಿಗಳಲ್ಲಿ ಅದನ್ನು ತೋರಿಸಿದರು. ಸಮುದ್ರ ದಾಟಿ ಹೋದ ಮೇಲೂ ಆ ಹೆಂಗಸರನ್ನು ಬಿಡದ ಕಾಯಿಲೆ ಅದು, ಏಕೆಂದರೆ ಅಡಿಕೆಯೂ ಅವರ ಜೊತೆಗೇ ಹೋಗಿತ್ತು. ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ರಾಸಾಯನಿಕವು ಕೆನ್ನೆಯ ಅಡಿಪದರದ ಜೀವಕೋಶಗಳನ್ನು ಕೆಣಕಿ, ಅವು ಕೊಲಾಜನ್ ಎಂಬ ನಾರನ್ನು ಅಗತ್ಯಕ್ಕಿಂತ ಹೆಚ್ಚು ಹೆಣೆಯುವಂತೆ ಮಾಡುತ್ತದೆ. ಅಡಿಕೆಯಲ್ಲಿ ಹೇರಳವಾಗಿರುವ ತಾಮ್ರವು ಆ ನಾರುಗಳನ್ನು ಒಂದಕ್ಕೊಂದು ಬೆಸೆಯುವ ಕಿಣ್ವಕ್ಕೆ ಬಲ ಕೊಡುತ್ತದೆ. ಹಾಗೆ ಬೆಸೆದ ನಾರು ಕರಗುವುದಿಲ್ಲ. ಕೆನ್ನೆ ಬಿಗಿಯುತ್ತದೆ, ಬಾಯಿ ಮುಚ್ಚಿಕೊಳ್ಳುತ್ತ ಬರುತ್ತದೆ, ಕೆಲವರಲ್ಲಿ ಅದೇ ಜಾಗದಲ್ಲಿ ಕ್ಯಾನ್ಸರ್ ಹುಟ್ಟುತ್ತದೆ. ಭಾರತದಲ್ಲಿ ಇಂಥ ರೋಗಿಗಳನ್ನು 17 ವರ್ಷ ಹಿಂಬಾಲಿಸಿದ ಒಂದು ಅಧ್ಯಯನದಲ್ಲಿ 7.6 ಶೇಕಡಾ ಮಂದಿಗೆ ಕ್ಯಾನ್ಸರ್ ಬಂದದ್ದು ಕಂಡಿತ್ತು.

ನಮ್ಮ ಮನೆಯಲ್ಲಿ ಇದನ್ನು ಹೇಳುವುದು ಸುಲಭವಿರಲಿಲ್ಲ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಮದ್ದು ಬಿಡುವ ದಿನಗಳಲ್ಲಿ ಅಪ್ಪನ ಕೈ ಮೈಲುತುತ್ತಿನಿಂದ ನೀಲಿಯಾಗುತ್ತಿತ್ತು. ಚಳಿಗಾಲದಿಂದ ಬೇಸಗೆಯವರೆಗೆ ಅಂಗಳದ ತುಂಬ ಅಡಿಕೆ ಒಣಗುತ್ತಿತ್ತು, ನಾವು ಮಕ್ಕಳು ಅದನ್ನು ಕಾಲಿನಿಂದ ಮಗುಚುತ್ತಿದ್ದೆವು. ಆ ಚಾಲಿ ಅಡಿಕೆ ಮಾರಿದ ಹಣದಲ್ಲಿಯೇ ನನ್ನ ಶುಲ್ಕ ಕಟ್ಟಿದ್ದು. ಅಡಿಕೆಗೆ ಕ್ಯಾನ್ಸರಿನ ಹೆಸರು ಅಂಟಿಸುವುದು ಕೃಷಿಕರನ್ನು ಮುಗಿಸುವ ಸಂಚು ಎಂದು ಊರಿನಲ್ಲಿ ಹಲವರು ನಂಬಿದ್ದಾರೆ, ತೊಂದರೆ ಇರುವುದು ಹೊಗೆಸೊಪ್ಪಿನಲ್ಲಿ ಮಾತ್ರ ಎಂಬುದು ಅವರ ವಾದ. ಅಪ್ಪನದೂ ಅದೇ ಮಾತಾಗಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 1985ರಲ್ಲಿ ಹೊಗೆಸೊಪ್ಪು ಸೇರಿದ ಎಲೆಯಡಿಕೆಯನ್ನಷ್ಟೇ ಕ್ಯಾನ್ಸರ್‌ಕಾರಕ ಎಂದಿತ್ತು, ಆದ್ದರಿಂದ ಆ ವಾದಕ್ಕೆ ಒಂದು ಕಾಲದಲ್ಲಿ ಆಧಾರವೂ ಇತ್ತು. ಆದರೆ 2003ರಲ್ಲಿ ಅದೇ ವಿಭಾಗ ಮತ್ತೆ ಪರಿಶೀಲಿಸಿ, ಹೊಗೆಸೊಪ್ಪಿಲ್ಲದ ಎಲೆಯಡಿಕೆಯೂ ಕ್ಯಾನ್ಸರ್‌ಕಾರಕ, ಅಡಿಕೆಯೇ ಸ್ವತಃ ಕ್ಯಾನ್ಸರ್‌ಕಾರಕ ಎಂಬ ತೀರ್ಮಾನಕ್ಕೆ ಬಂದಿತು. ಇದನ್ನು ನಾನು ಅಪ್ಪನಿಗೆ ಹೇಳಿದ್ದು ಓದಿನ ಮೂರನೆಯ ವರ್ಷದಲ್ಲಿ, ರಾತ್ರಿಯ ಊಟವಾಗಿ ಅವರು ಹರಿವಾಣದ ಮುಂದೆ ಕುಳಿತಿದ್ದಾಗ. ಅವರು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, “ಹಾಗಾದರೆ ಬೆಳೆಯುವುದು ತಪ್ಪೋ?” ಎಂದು ಕೇಳಿದರು.

ನನ್ನ ಬಳಿ ಉತ್ತರವಿರಲಿಲ್ಲ, ಈಗಲೂ ಪೂರ್ತಿ ಉತ್ತರವಿಲ್ಲ. ಗುಡ್ಡದ ಬುಡದಲ್ಲಿ ಸುರಂಗ ತೋಡಿ, ನೀರು ತಂದು, ಮೂರು ತಲೆಮಾರು ಬೆಳೆಸಿದ ತೋಟವನ್ನು ಕಡಿಯಿರಿ ಎಂದು ಹೇಳುವ ಅಧಿಕಾರ ದಂತವೈದ್ಯೆಗೆ ಇಲ್ಲ. ಆದರೆ ಬೆಲೆ ಬೀಳುತ್ತದೆಂಬ ಕಾರಣಕ್ಕೆ ರೋಗಿಯ ಮುಂದೆ ಮಾತನ್ನು ಮೃದುಗೊಳಿಸುವ ಅಧಿಕಾರವೂ ನನಗಿಲ್ಲ. ಅಡಿಕೆ ಬೆಳೆದ ಮನೆಯ ಮಗಳಾದ ನಾನು ಹೇಳಿದರೆ ನಮ್ಮ ಜನ ಒಂದು ಕ್ಷಣವಾದರೂ ನಿಂತು ಕೇಳುತ್ತಾರೆ ಎಂಬುದನ್ನು ಈ ವರ್ಷ ಕಂಡಿದ್ದೇನೆ. ಗುಟ್ಕಾವನ್ನು ಕೇರಳ 2012ರಲ್ಲಿ, ಕರ್ನಾಟಕ 2013ರಲ್ಲಿ ನಿಷೇಧಿಸಿದವು. ಕೆನ್ನೆಯೊಳಗಿನ ಅಡಿಕೆ ಹೋಳಿನ ತನಕ ಯಾವ ಕಾನೂನೂ ತಲುಪುವುದಿಲ್ಲ, ಅಲ್ಲಿಗೆ ತಲುಪುವುದು ಮಾತು ಮಾತ್ರ. ಅಪ್ಪ ಈಗ ರಾತ್ರಿಯ ಎಲೆಯಡಿಕೆ ಬಿಟ್ಟಿದ್ದಾರೆ, ಮಧ್ಯಾಹ್ನದ್ದು ಉಳಿದಿದೆ. ತಿಂಗಳಿಗೊಮ್ಮೆ ಮನೆಗೆ ಹೋದಾಗ ಟಾರ್ಚ್ ಹಿಡಿದು ಅವರ ಕೆನ್ನೆಯನ್ನು ನೋಡುತ್ತೇನೆ.

ಇನ್ನು ಕೆಲವು ವಾರಗಳಲ್ಲಿ ನೋಂದಣಿಗೆ ಅರ್ಜಿ ಹಾಕಬೇಕು. 1948ರ ದಂತವೈದ್ಯರ ಕಾಯ್ದೆಯ ಕಾಲದಿಂದಲೂ ವೈದ್ಯರ ಹೆಸರು ಆಯಾ ರಾಜ್ಯದ ಪಟ್ಟಿಯಲ್ಲಿ ಸೇರಬೇಕು. ಕರ್ನಾಟಕದಲ್ಲಿ ಓದಿದ ಸಹಪಾಠಿಗಳು ಬೆಂಗಳೂರಿಗೆ ಅರ್ಜಿ ಕಳುಹಿಸುತ್ತಿದ್ದಾರೆ, ಅವರಿಗೆ ಮಂಗಳೂರಿನ ಕ್ಲಿನಿಕ್‌ಗಳಲ್ಲಿ ಕೆಲಸ ಮಾತಾಗಿದೆ. ನಾನು ತಿರುವನಂತಪುರದಲ್ಲಿರುವ ಕೇರಳದ ಕೌನ್ಸಿಲ್‌ಗೆ ಅರ್ಜಿ ಹಾಕಲು ನಿರ್ಧರಿಸಿದ್ದೇನೆ. ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರ್, ತಿರುವನಂತಪುರಕ್ಕೆ 500ಕ್ಕೂ ಹೆಚ್ಚು. ಆದರೂ ನನ್ನ ಹೆಸರು ಅಲ್ಲಿನ ಪಟ್ಟಿಯಲ್ಲೇ ಇರಬೇಕು, ಏಕೆಂದರೆ ನಾನು ಕೆಲಸ ಮಾಡಬೇಕೆಂದಿರುವುದು ಗಡಿಯ ಈಚೆಗೆ.

ಇದಕ್ಕೆ ಕಾರಣ 2020ರ ಮಾರ್ಚ್ ಕೊನೆಯ ದಿನಗಳು. ಆಗ ನಾನು ಮೊದಲ ವರ್ಷದಲ್ಲಿದ್ದೆ, ಲಾಕ್‌ಡೌನ್ ಎಂದು ಮನೆಗೆ ಬಂದಿದ್ದೆ. ಗಡಿಯ ತಲಪಾಡಿಯಲ್ಲಿ ರಸ್ತೆ ಮುಚ್ಚಿತ್ತು, ಒಳದಾರಿಗಳಿಗೆ ಮಣ್ಣು ಸುರಿದಿದ್ದರು, ಎಲ್ಲ ಕಾಯಿಲೆಗೂ ಮಂಗಳೂರನ್ನೇ ನೆಚ್ಚಿಕೊಂಡಿದ್ದ ನಮ್ಮ ಕಡೆಯವರು ಆಂಬುಲೆನ್ಸ್‌ನಲ್ಲೂ ದಾಟಲಾಗದೆ ಮರಳುತ್ತಿದ್ದರು. ಪಕ್ಕದ ಮನೆಯ ಮಾವನಿಗೆ ಹುಳುಕು ಹಲ್ಲಿನಿಂದ ಸೋಂಕು ಇಳಿದು ದವಡೆಯ ಕೆಳಗೆ ಬಾವು ಬಂದಿತ್ತು. ಹಲ್ಲಿನ ಡಾಕ್ಟ್ರು ಓದುತ್ತಿದ್ದಾಳಲ್ಲ ಎಂದು ನನ್ನನ್ನು ಕರೆದರು. ಮೇಣದ ಹಲ್ಲು ಕೆತ್ತುವುದಷ್ಟೇ ಗೊತ್ತಿದ್ದ ನಾನು ಅವರ ಮುಂದೆ ನಿಂತೆ. ನುಂಗಲು ಕಷ್ಟವಾಗುತ್ತದೆಯೇ, ನಾಲಗೆ ಮೇಲಕ್ಕೆ ಎದ್ದಿದೆಯೇ ಎಂದು ಕೇಳಬೇಕೆಂಬುದು ಕೂಡ ಆಗ ನನಗೆ ತಿಳಿದಿರಲಿಲ್ಲ. ಆ ಬಾವು ಗಂಟಲಿನತ್ತ ಹರಡಿದರೆ ಉಸಿರು ಕಟ್ಟುತ್ತದೆ ಎಂಬುದನ್ನು ಓದಿದ್ದು ಎರಡು ವರ್ಷಗಳ ನಂತರ. ಆರೋಗ್ಯ ಕೇಂದ್ರದಲ್ಲಿ ಕೊಟ್ಟ ಮಾತ್ರೆಗಳಿಂದ ಅವರು ಉಳಿದರು. ಪರೀಕ್ಷೆಗೆ ಓದುವಾಗ ಆ ಪುಟ ಬಂದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಸದ್ಯ ಸಂಜೆ ಹೊತ್ತು ಒಬ್ಬ ಹಿರಿಯ ವೈದ್ಯೆಯ ಕ್ಲಿನಿಕ್‌ನಲ್ಲಿ ಕುಳಿತು ಪುಸ್ತಕದಲ್ಲಿ ಇಲ್ಲದ್ದನ್ನು ಕಲಿಯುತ್ತಿದ್ದೇನೆ. ಉಪಕರಣಗಳನ್ನು ಹಬೆಯಲ್ಲಿ ಶುದ್ಧಗೊಳಿಸುವ ಆಟೋಕ್ಲೇವ್ 121 ಡಿಗ್ರಿಗೆ ಏರಿದ ಮೇಲೆ 15 ನಿಮಿಷ ಕಾಯದೆ ತೆರೆಯಬಾರದು, ಸೂಜಿ ಬಿಳಿ ಡಬ್ಬಿಗೆ, ರಕ್ತ ತಾಗಿದ ಹತ್ತಿ ಹಳದಿ ಚೀಲಕ್ಕೆ, ಇವೆಲ್ಲ ಗೊತ್ತಿದ್ದವೇ. ರೂಟ್ ಕೆನಾಲ್ ಮಾಡಿದರೆ ಉಳಿಯುವ ಹಲ್ಲನ್ನು ಹಣವಿಲ್ಲವೆಂದು ತೆಗೆಸಲು ಬಂದವರ ಜೊತೆ ಹೇಗೆ ಮಾತನಾಡಬೇಕು, ಯಾವಾಗ ಒತ್ತಾಯಿಸಬೇಕು, ಯಾವಾಗ ಸುಮ್ಮನೆ ಅವರ ತೀರ್ಮಾನವನ್ನು ಗೌರವಿಸಬೇಕು ಎಂಬುದು ಗೊತ್ತಿರಲಿಲ್ಲ. ಅದನ್ನು ಕಲಿಯಲು ಬಹಳ ಕಾಲ ಬೇಕಾದೀತು.

ಪೆರ್ಲದ ಅಣ್ಣ ಅಡಿಕೆ ಬಿಟ್ಟು ಈಗ ಮೂರು ತಿಂಗಳು. ಕೆನ್ನೆಗೆ ವಾರಕ್ಕೊಮ್ಮೆ ಚುಚ್ಚುಮದ್ದು, ಜೊತೆಗೆ ಬಾಯಿಯ ವ್ಯಾಯಾಮ. ಐಸ್‌ಕ್ರೀಮ್ ಕಡ್ಡಿಗಳನ್ನು ಒಂದರ ಮೇಲೊಂದು ಇಟ್ಟು ಹಲ್ಲುಗಳ ನಡುವೆ ತೂರಿಸಿ ಹಿಡಿಯಬೇಕು, ಬಾಯಿ ಒಗ್ಗಿದಂತೆ ಒಂದೊಂದನ್ನೇ ಹೆಚ್ಚಿಸಬೇಕು. ಹತ್ತು ಕಡ್ಡಿಯಿಂದ ಆರಂಭಿಸಿದ್ದರು. ಸುಲಿಯುವಾಗ ಕೈ ತಾನಾಗಿ ಬಾಯಿಯ ಕಡೆ ಹೋಗುತ್ತದೆಂದು ಹೇಳಿದಾಗ, ಆ ಹೊತ್ತಿಗೆ ಕೆನ್ನೆಗೆ ಏಲಕ್ಕಿ ಇಟ್ಟುಕೊಳ್ಳಲು ಹೇಳಿದ್ದೆ. ಕಳೆದ ವಾರ ಸ್ಕೇಲ್ 25 ಮಿಲಿಮೀಟರ್ ತೋರಿಸಿತು. ನಾರು ಕರಗಿದ್ದರಿಂದಲ್ಲ, ಹಿಗ್ಗಿದ್ದರಿಂದ. ಮೊನ್ನೆ ರಾತ್ರಿ ಫೋನ್ ಮಾಡಿ, “ಹನ್ನೆರಡು ಹೋಗುತ್ತದೆ ಡಾಕ್ಟ್ರೇ, ಹದಿಮೂರನೆಯದು ಜಪ್ಪಯ್ಯ ಎಂದರೂ ಹೋಗುತ್ತಿಲ್ಲ” ಎಂದರು. ಈ ವಾರ ಹನ್ನೆರಡರಲ್ಲೇ ಇರಲಿ, ದೂಡಬೇಡಿ, ಗುರುವಾರ ಬನ್ನಿ, ನಾನೇ ಇಟ್ಟು ನೋಡುತ್ತೇನೆ ಎಂದೆ.